ಅಳತೆ ಕದ್ದವನೂ ಟೇಪಕ್ಕನೂ

ಮೂವತ್ತು ವರ್ಷದಿಂದ ಹೆಂಗಸರ ಬಟ್ಟೆ ಹೊಲಿಯುತ್ತಿದ್ದ ಆಕೆಯ ಕೊರಳಲ್ಲಿ ಸರವಿಲ್ಲದ ದಿನವಿರಬಹುದು, ಅಳತೆಯ ಟೇಪು ಇಲ್ಲದ ದಿನವಿರಲಿಲ್ಲ. ಹಾಗಾಗಿ ಬೀದಿಯವರಿಗೆಲ್ಲ ಆಕೆ ಟೇಪಕ್ಕ. ನಿಜವಾದ ಹೆಸರು ಬೇಕೆಂದರೆ ಕರೆಂಟು ಬಿಲ್ಲು ನೋಡಬೇಕು.

ಹದಿನಾರನೆಯ ವಯಸ್ಸಿನಲ್ಲಿ ಆಕೆಯ ಅಳತೆ ತೆಗೆದ ದರ್ಜಿಯೊಬ್ಬ ಎದೆಯ ಸುತ್ತಳತೆಯನ್ನು ಆಚೆ ಮೂಲೆಯಲ್ಲಿ ಬರೆದುಕೊಳ್ಳುತ್ತಿದ್ದವನಿಗೆ ಕೂಗಿ ಹೇಳಿದ್ದ. ಕಾಯುತ್ತಿದ್ದ ಗಿರಾಕಿಗಳೆಲ್ಲ ತಲೆಯೆತ್ತಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿಬಿಟ್ಟಿತ್ತು. ಮುಂದೆ ತನ್ನದೇ ಅಂಗಡಿಯಾದಾಗ ಆಕೆ ಒಂದು ಅಂಕಿಯನ್ನೂ ಬಾಯಿಬಿಟ್ಟು ಹೇಳಲಿಲ್ಲ, ಬರೆದುಕೊಂಡಳು, ಅಷ್ಟೆ. ಯಾರ ಭುಜ ವಾರೆ, ಯಾರ ಬೆನ್ನು ಗೂನು, ಯಾರು ಬಸುರಿಯೆಂದು ಮನೆಯವರಿಗೇ ಇನ್ನೂ ತಿಳಿದಿಲ್ಲ, ಎಲ್ಲ ಅಂಗಡಿಯ ಪುಸ್ತಕಗಳಲ್ಲಿ ಬರೆದಿತ್ತು. ಶಾಲೆಯ ಹೆಡ್‌ಮೇಡಂ ಹೆಸರಿನ ಮುಂದೆ ‘ಆಪರೇಷನ್, ಎಡಕ್ಕೆ ಪ್ಯಾಡ್ ಇಟ್ಟು ಹೊಲಿಯಬೇಕು’ ಎಂದಿತ್ತು. ಪುಸ್ತಕಗಳು ಕಪಾಟು ತುಂಬಿದ ಮೇಲೆ ಅದೆಲ್ಲ ಲ್ಯಾಪ್‌ಟಾಪಿಗೆ ಹೋಯಿತು.

ಆಮೇಲೆ ಬಟ್ಟೆ ಕತ್ತರಿಸುವ ನಕ್ಷೆಯನ್ನು ತಾನೇ ಬಿಡಿಸಿಕೊಡುವ ಪ್ರೋಗ್ರಾಂ ಒಂದರ ಆಸೆ ಹತ್ತಿತು. ಬೆಲೆ ಕೇಳಿದರೆ ಎದೆ ಧಸಕ್ಕೆನ್ನುವಂತಿತ್ತು. ದರ್ಜಿಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ ಪುಣ್ಯಾತ್ಮ ಅದನ್ನೇ ಪುಕ್ಕಟೆ ಕೊಡುವ ಲಿಂಕ್ ಹಾಕಿದ್ದ. ಮೊದಲು ಆಂಟಿವೈರಸ್ ಆಫ್ ಮಾಡಿ, ಅದು ಸುಮ್ಮನೆ ಹೆದರಿಸುತ್ತದೆ ಎಂಬ ಸೂಚನೆಯೂ ಜೊತೆಗಿತ್ತು. ಹೊಲಿಗೆ ಯಂತ್ರದಲ್ಲಿ ಬೆರಳಿಗೆ ಸೂಜಿ ತಾಗದಿರಲೆಂದು ಕೂಡಿಸಿರುವ ತಂತಿಯನ್ನು ಕೆಲಸಕ್ಕೆ ಅಡ್ಡಿಯೆಂದು ಮೊದಲ ದಿನವೇ ಬಿಚ್ಚಿಟ್ಟವಳು ಟೇಪಕ್ಕ. ಇದೂ ಅಂಥದ್ದೇ ಎಂದುಕೊಂಡು ಆಫ್ ಮಾಡಿದಳು. ಪ್ರೋಗ್ರಾಂ ಸೊಗಸಾಗಿ ಕೆಲಸ ಮಾಡಿತು, ಅದಕ್ಕೇ ಅನುಮಾನ ಬರಲಿಲ್ಲ. ಕ್ಯಾಮೆರಾ ಪಕ್ಕದ ಪುಟ್ಟ ದೀಪ ಆಗಾಗ ಹೊತ್ತಿಕೊಂಡರೆ ಚಾರ್ಜಿನದಿರಬೇಕು ಎಂದು ಸುಮ್ಮನಾದಳು.

ಮೂರು ವಾರ ಕಳೆದು ಒಂದು ಮಧ್ಯಾಹ್ನ, ಆಕೆಯ ಎರಡೂ ಕೈ ಬಟ್ಟೆಯ ಮೇಲಿದ್ದಾಗ, ಲ್ಯಾಪ್‌ಟಾಪಿನ ಪರದೆಯ ಬಾಣ ತಾನಾಗಿ ಓಡಿತು. ಖಾಲಿ ಹಾಳೆಯೊಂದು ತೆರೆದುಕೊಂಡು ಅಕ್ಷರಗಳು ಒಂದೊಂದಾಗಿ ಮೂಡಿದವು. ಎರಡು ದಿನದಲ್ಲಿ ಹಣ ಕಳಿಸದಿದ್ದರೆ ಎಲ್ಲರ ಅಳತೆ, ಎಲ್ಲರ ಗುಟ್ಟು ಊರ ಮುಂದೆ ಹರಡುತ್ತೇನೆ ಎಂದಿತ್ತು. ಗುರುತಿಗೆ ಹೆಡ್‌ಮೇಡಂ ಬಗ್ಗೆ ಬರೆದಿದ್ದ ಸಾಲನ್ನೇ ಕಳ್ಳ ಅಂಟಿಸಿದ್ದ.

ಪಕ್ಕದಲ್ಲಿ ಗುಂಡಿ ಹೊಲಿಯುತ್ತಿದ್ದ ನಾದಿನಿ ಎದ್ದು ಬಂದು ಓದಿದಳು. ತೆಪ್ಪಗೆ ಕೊಟ್ಟು ಕೈತೊಳೆದುಕೊಳ್ಳೋಣ, ಮಾನ ಉಳಿದರೆ ಸಾಕು ಎಂದು ಗೋಗರೆದಳು.

“ಕೊಟ್ಟರೂ ಪಟ್ಟಿ ಅವನ ಹತ್ರಾನೇ ಇರತ್ತಲ್ಲೇ, ನಾಳೆ ಮತ್ತೆ ಕೇಳ್ತಾನೆ” ಎಂದ ಟೇಪಕ್ಕ ಅವನ ಅಕ್ಷರಗಳ ಕೆಳಗೇ ‘ಕೊಡಲ್ಲ, ಏನ್ ಮಾಡ್ಕೋತೀಯೋ ಮಾಡ್ಕೋ’ ಎಂದು ಕುಟ್ಟಿ, ಇಂಟರ್‌ನೆಟ್ ಡಬ್ಬಿಯ ತಂತಿ ಕಿತ್ತಳು. ಹೆದರಿಕೆಗಲ್ಲ, ಸಿಟ್ಟಿಗೆ ಕಿತ್ತೆ ಎಂದು ನಾದಿನಿಗೆ ಹೇಳಿದಳು; ಅರ್ಧ ಸುಳ್ಳು.

ಕಂಪ್ಯೂಟರ್ ರಿಪೇರಿಯವನು ಬಂದು ನೋಡಿದ. ಪುಕ್ಕಟೆ ಪ್ರೋಗ್ರಾಂ ಬೆನ್ನಿಗೆ ಇನ್ನೊಂದು ಒಳಗೆ ಬಂದು ಕೂತಿದೆ, ಒತ್ತಿದ ಪ್ರತಿ ಅಕ್ಷರ, ಪರದೆ, ಕ್ಯಾಮೆರಾ ಎಲ್ಲವೂ ಅವನಿಗೆ ಕೂತಲ್ಲಿಂದಲೇ ಕಾಣುತ್ತಿತ್ತು ಎಂದ. ಪುಣ್ಯಕ್ಕೆ ಲ್ಯಾಪ್‌ಟಾಪಿನ ಕ್ಯಾಮೆರಾ ಗೋಡೆಯ ಕಡೆಗಿತ್ತು, ಗಿರಾಕಿಗಳು ಬಟ್ಟೆ ಹಾಕಿ ನೋಡುವ ಮೂಲೆಯ ಕಡೆಗಲ್ಲ.

“ಕಾವಲುಗಾರನನ್ನ ನೀವೇ ಮನೆಗೆ ಕಳಿಸಿಬಿಟ್ರಲ್ಲಕ್ಕಾ” ಎಂದು ನೊಂದುಕೊಂಡ. ಯಂತ್ರ ಪೂರ್ತಿ ಅಳಿಸಬೇಕು, ಪಾಸ್‌ವರ್ಡುಗಳನ್ನು ಬೇರೆ ಕಂಪ್ಯೂಟರಿನಿಂದ ಬದಲಾಯಿಸಬೇಕು, ದೂರು ಕೊಡಬೇಕು ಎಂದ. ಆದರೆ ಹೋದದ್ದನ್ನು ವಾಪಸು ತರಲು ಅವನಿಂದಲೂ ಆಗದು.

ಹಾಗಿದ್ದರೆ ಆ ಕಳ್ಳನಿಗಿಂತ ಮೊದಲು ತಾನೇ ಹೇಳಬೇಕು ಎಂದು ಟೇಪಕ್ಕ ಹಟ ಹಿಡಿದಳು. ಎರಡು ದಿನ ಅಂಗಡಿ ಮುಚ್ಚಿ ಮನೆಮನೆ ತಿರುಗಿ, ತಪ್ಪು ನನ್ನದು, ನಿಮ್ಮ ಬಗ್ಗೆ ಇಂತಿಂಥದ್ದು ಬರೆದಿದ್ದೆ, ಅದು ಕಳುವಾಗಿದೆ ಎಂದಳು. ಕೆಲವರು ಬೈದರು. ಒಬ್ಬಳು ಹೊಲಿಯಲು ಕೊಟ್ಟ ಬಟ್ಟೆಯನ್ನು ಹಾಗೇ ವಾಪಸು ಕೇಳಿದಳು. ಯಾರ ಮುಂದೆಯೂ ಟೇಪಕ್ಕ ನೆಪ ಹೇಳಲಿಲ್ಲ. ಹೆಡ್‌ಮೇಡಂ ಮನೆಯನ್ನು ಮಾತ್ರ ಕೊನೆಗೆ ಉಳಿಸಿಕೊಂಡಿದ್ದಳು, ಎರಡನೆಯ ದಿನ ಸಂಜೆ ಅಲ್ಲಿಗೂ ಹೋದಳು.

ಹೆಡ್‌ಮೇಡಂ ಪೂರ್ತಿ ಕೇಳಿಸಿಕೊಂಡರು. ಮುಖ ಬಿಳುಚಿಕೊಂಡಿತು.

“ನನ್ನ ಸ್ವಂತ ತಂಗಿಗೂ ಹೇಳಿಲ್ಲ ನಾನು. ನೀವು ಬರೀಬಾರದಿತ್ತು.”

“ಹೌದು, ಬರೀಬಾರದಿತ್ತು” ಎಂದಳು ಟೇಪಕ್ಕ.

ದೂರು ಕೊಡಲು ಯಾವಾಗ ಹೋಗುತ್ತೀರಿ ಎಂದು ಹೆಡ್‌ಮೇಡಂ ಕೇಳಿದರು. ನಾಳೆ ಬೆಳಿಗ್ಗೆ ಎಂದಾಗ, ನಾನೂ ಬರುತ್ತೇನೆ ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡರು.

ಮರುದಿನ ಠಾಣೆಯಲ್ಲಿ ಅಧಿಕಾರಿ ಅರ್ಜಿಯ ಮೇಲೆ ಕಣ್ಣಾಡಿಸಿ ನಕ್ಕರು. ಹಣ ಹೋಗಿಲ್ಲ, ಒಡವೆ ಹೋಗಿಲ್ಲ, ರವಿಕೆಯ ಅಳತೆ ಹೋದರೆ ಹೋಗಲಿ ಬಿಡಿ ಎಂದರು. ಟೇಪಕ್ಕ ಬಾಯಿ ತೆರೆಯುವಷ್ಟರಲ್ಲಿ ಹೆಡ್‌ಮೇಡಂ ಅರ್ಜಿ ಎಳೆದುಕೊಂಡು, ಕಳುವಾದ ವಸ್ತು ಎಂಬ ಜಾಗದಲ್ಲಿ ದುಂಡಗಿನ ಅಕ್ಷರದಲ್ಲಿ ತಾವೇ ಬರೆದು ಅವರತ್ತ ತಿರುಗಿಸಿದರು:

‘ನನಗೆ ಎಡ ಸ್ತನವಿಲ್ಲ. ಅದನ್ನು ಯಾರಿಗೆ ಹೇಳಬೇಕೆಂಬುದು ನನ್ನ ಇಷ್ಟ. ಅವನು ಕದ್ದದ್ದು ಆ ಇಷ್ಟವನ್ನು.’

ಅಧಿಕಾರಿ ಓದಿದರು. ಆಮೇಲೆ ನಗಲಿಲ್ಲ. ಇಬ್ಬರಿಗೂ ಕುರ್ಚಿ ತರಿಸಿ, ಮೊದಲಿನಿಂದ ಹೇಳಿ ಎಂದರು.