ಎಡಗಾಲಿನ ಸದ್ದು

ಓಟಕ್ಕೆ ಹತ್ತೊಂಬತ್ತು ದಿನ ಉಳಿದಿದ್ದಾಗ ಗುಲಾಬನ ಎಡ ಮೊಣಕಾಲು ಮತ್ತೆ ಸಿಕ್ಕಿಕೊಂಡಿತು. ಅಂಗಡಿಯ ನೆಲದ ಮೇಲೆ ಬಟ್ಟೆ ಹರವಿ ಕತ್ತರಿಸುತ್ತಿದ್ದವನು ಏಳಲು ಹೋದ, ಕಾಲು ನೇರವಾಗಲಿಲ್ಲ. ಗಿರಾಕಿ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಿದ್ದಳು. ಏನೋ ಹುಡುಕುವವನ ಹಾಗೆ ಮತ್ತೆ ಕೂತು, ಮೀನಖಂಡವನ್ನು ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಹೊರಳಿಸಿದ. ಟಕ್ಕೆಂದು ಬಿಟ್ಟಿತು. ಎದ್ದು ಅವಳ ರವಿಕೆಯ ಅಳತೆ ಬರೆದುಕೊಂಡ.

ಗುಲಾಬ ಮುಜಾವರನಿಗೆ ಆಗ ನಲವತ್ತೊಂದು ವರ್ಷ. ಜತ್ತದ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವನ ಟೇಲರ್ ಅಂಗಡಿ. ಸಕ್ಕರೆ ಕಾಯಿಲೆ ಹತ್ತಿರ ಬಂದಿದೆ ಎಂದು ಡಾಕ್ಟರು ಹೆದರಿಸಿದ್ದಕ್ಕೆ ಮೂವತ್ತರಲ್ಲಿ ಮುಂಜಾನೆ ನಡೆಯಲು ಹೊರಟವನು, ನಡೆಯುವುದು ಬೇಸರವಾಗಿ ಓಡತೊಡಗಿದ. ಹತ್ತು ವರ್ಷದಲ್ಲಿ ನಲವತ್ತೆರಡು ಕಿಲೋಮೀಟರಿನ ಓಟ ಐದು ಸಲ ಮುಗಿಸಿದ್ದ. ಪೇಟೆಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಮನೆಯ ಸೋಮಲಿಂಗ ಅವನಲ್ಲಿ ಪ್ಯಾಂಟು ಹೊಲಿಸಲು ಬಂದದ್ದು ಮೂರು ವರ್ಷದ ಹಿಂದೆ. ಚಿಕ್ಕಂದಿನಲ್ಲೇ ಕಣ್ಣು ಹೋದ ಮೂವತ್ತರ ಗಂಡಸು. ನೀವು ಓಡುತ್ತೀರಂತೆ, ನನ್ನನ್ನೂ ಕರೆದುಕೊಂಡು ಹೋಗುತ್ತೀರಾ ಎಂದು ಕೇಳಿದ. ಗುಲಾಬ ಮೊಳದುದ್ದದ ಬಟ್ಟೆಯ ಪಟ್ಟಿಯೊಂದನ್ನು ಹೊಲಿದ. ಮರುದಿನದಿಂದ ಅದರ ಒಂದು ತುದಿ ಇವನ ಕೈಯಲ್ಲಿ, ಇನ್ನೊಂದು ತುದಿ ಅವನ ಕೈಯಲ್ಲಿ. ಮುಂದೆ ತಗ್ಗಿದೆ, ಬಲಕ್ಕೆ ಲಾರಿ ಬರುತ್ತಿದೆ ಎಂದು ಹೇಳುತ್ತ ಗುಡ್ಡಾಪುರದ ರಸ್ತೆಯಲ್ಲಿ ಓಡಿಸುತ್ತಿದ್ದ.

ಮೊಣಕಾಲು ಮೊದಲು ಕೆಟ್ಟದ್ದು ಎರಡು ವರ್ಷದ ಹಿಂದೆ, ಇಳಿಜಾರಿನಲ್ಲಿ ಓಡುವಾಗ. ಮಿರಜಿನ ಎಲುಬಿನ ಡಾಕ್ಟರು ಸ್ಕ್ಯಾನ್ ನೋಡಿ, ಎರಡು ಎಲುಬಿನ ನಡುವಿನ ಗಾದಿ ಒಳಬದಿಯಲ್ಲಿ ಹರಿದಿದೆ ಎಂದರು. ಅದು ಹೊಸದಾಗಿ ಬೆಳೆಯುವುದಿಲ್ಲ, ಇದ್ದದ್ದನ್ನು ಕಾಯ್ದುಕೊಳ್ಳಬೇಕು. ತೊಡೆಯ ಸ್ನಾಯು ಗಟ್ಟಿ ಮಾಡಬೇಕು, ನೆಲದ ಮೇಲೆ ಕುಕ್ಕರಿಸಬಾರದು, ಬಾವು ಬಂದರೆ ಓಟ ನಿಲ್ಲಿಸಬೇಕು. ಗುಲಾಬ ಹೇಳಿದ್ದನ್ನೆಲ್ಲ ಮಾಡಿದ. ಹೆಂಡತಿ ರಹಿಮಾ ಪಕ್ಕದಲ್ಲಿ ಕೂತು, ಅವನು ಕಾಲು ಎತ್ತಿ ಇಳಿಸುವುದನ್ನು ಎಣಿಸುತ್ತಿದ್ದಳು. ಎರಡು ತಿಂಗಳಲ್ಲಿ ನೋವು ಹೋಯಿತು. ನೋವಿನ ಜೊತೆ ವ್ಯಾಯಾಮವೂ ಹೋಯಿತು. ಆರು ತಿಂಗಳಿಗೆ ಮತ್ತೆ ಬಾವು, ಮತ್ತೆ ವ್ಯಾಯಾಮ, ಮತ್ತೆ ಅದೇ ಮರೆವು.

ಈ ಸಲ ಅವನು ಯಾರಿಗೂ ಹೇಳಲಿಲ್ಲ. ಸಾಂಗಲಿಯ ನಲವತ್ತೆರಡು ಕಿಲೋಮೀಟರಿನ ಓಟಕ್ಕಾಗಿ ಸೋಮಲಿಂಗ ಒಂದು ವರ್ಷ ತಯಾರಿ ಮಾಡಿದ್ದ. ತನ್ನಿಂದ ಅದು ತಪ್ಪಬಾರದು ಎಂದು ಗುಲಾಬ ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಆದರೆ ಓಟದ ಅರ್ಜಿಯಲ್ಲಿ ಪಟ್ಟಿ ಹಿಡಿದು ಓಡುವ ಇಬ್ಬರು ಜೊತೆಗಾರರ ಹೆಸರಿಗೆ ಜಾಗವಿತ್ತು, ಅವನು ತನ್ನದೊಂದನ್ನೇ ತುಂಬಿದ್ದ. ಆ ಪಟ್ಟಿಯ ತುದಿ ಬೇರೆಯವರ ಕೈಯಲ್ಲಿರುವುದನ್ನು ನೆನೆಸಿಕೊಂಡರೂ ಅವನಿಗೆ ಸಂಕಟವಾಗುತ್ತಿತ್ತು.

ಪಕ್ಕದ ಥಂಡಾ ಪಾನೀಯದ ಅಂಗಡಿಯಿಂದ ಮಂಜುಗಡ್ಡೆ ತಂದು ದಿನವೂ ಕಾಲಿಗೆ ಇಟ್ಟುಕೊಂಡ. ಓಟದ ಹಿಂದಿನ ದಿನ, ಅವನು ಮೊಣಕಾಲಿಗೆ ಪಟ್ಟಿ ಸುತ್ತುವಾಗ ರಹಿಮಾ ನೋಡಿಬಿಟ್ಟಳು. ಮಷೀನು ತುಳಿದು ತುಳಿದು ಹಿಡಿದಿದೆ ಎಂದ. ಅವಳು ನಂಬಲಿಲ್ಲ.

“ಬೀಳೂದಿದ್ರ ನೀವೊಬ್ರ ಬೀಳ್ರಿ,” ಎಂದಳು. “ಕಣ್ಣಿಲ್ಲದಾಂವನ್ನ ಯಾಕ ಕಟ್ಗೊಂಡ ಬೀಳ್ತೀರಿ?”

ಅವನು ಪಟ್ಟಿಯ ತುದಿ ಸಿಕ್ಕಿಸಿ ಪ್ಯಾಂಟು ಕೆಳಗಿಳಿಸಿದ.

ಸಾಂಗಲಿಯಲ್ಲಿ ಇಪ್ಪತ್ತು ಕಿಲೋಮೀಟರಿನವರೆಗೆ ಎಲ್ಲ ಚಲೋ ಇತ್ತು. ಇಪ್ಪತ್ತಾರಕ್ಕೆ ಮೊಣಕಾಲಿನ ಒಳಗೆ ಬಿಸಿ ಏರಿತು. ಹೆಜ್ಜೆ ಗಿಡ್ಡ ಮಾಡಿದ. ಸೋಮಲಿಂಗ ಮುಖ ಇತ್ತ ತಿರುಗಿಸದೆ, “ಗುಲಾಬಭಾಯಿ, ಎಡಗಾಲ ತಡಾ ಬೀಳಾಕತ್ತದ್ರಿ,” ಎಂದ.

“ಬೂಟ ಸಡ್ಲ ಆಗ್ಯದ. ಓಡು.”

ಬೂಟು ಕಟ್ಟಿಕೊಳ್ಳಿ, ನಿಲ್ಲೋಣ ಎಂದು ಅವನು ಹೇಳಿದರೂ ಗುಲಾಬ ನಿಲ್ಲಲಿಲ್ಲ. ನಿಂತರೆ ಮತ್ತೆ ಕಾಲು ಎತ್ತಲಾಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಬೆವರು ಕಣ್ಣಿಗೆ ಇಳಿಯುತ್ತಿತ್ತು. ರಸ್ತೆಯ ಅರ್ಧಭಾಗ ಓಟದವರಿಗೆ, ಇನ್ನರ್ಧದಲ್ಲಿ ಗಾಡಿಗಳು. ನಡುವೆ ಬರೀ ಒಂದು ಹಗ್ಗ. ಮೂವತ್ತೊಂದನೆಯ ಕಿಲೋಮೀಟರಿಗೆ ಸೇತುವೆಯ ಇಳಿಜಾರು ಬಂತು. ಇಳಿಜಾರಿದೆ ಎಂದು ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಮೊಣಕಾಲು ಸಿಕ್ಕಿಕೊಂಡಿತು. ಅವನು ಹಗ್ಗದ ಮೇಲೆ ಬಿದ್ದ. ಕೈಯ ಪಟ್ಟಿ ಸೋಮಲಿಂಗನನ್ನೂ ಜಗ್ಗಿ ಗಾಡಿಗಳ ಬದಿಗೆ ಎಳೆಯಿತು. ಹಿಂದಿನಿಂದ ಬರುತ್ತಿದ್ದ ಟೆಂಪೊ ಕಿರುಚಿಕೊಂಡು ನಿಂತಿತು. ಸೋಮಲಿಂಗನ ಚಾಚಿದ ಕೈಗೂ ಅದರ ಮುಂಭಾಗಕ್ಕೂ ಒಂದು ಗೇಣು ಅಂತರ. ಅದರ ಬಿಸಿ ಗಾಳಿ ಕೈಗೆ ತಾಗಿದಾಗ, ಗಾಡಿ ಎಷ್ಟು ಹತ್ತಿರ ಬಂದಿತ್ತೆಂದು ಅವನಿಗೆ ತಿಳಿಯಿತು.

ಡ್ರೈವರ್ ಬೈದು ಹೋದ. ಸೋಮಲಿಂಗ ತಡಕಾಡುತ್ತ ಹಗ್ಗದ ಈಚೆಗೆ ಬಂದು ಕೂತು, ಗುಲಾಬನ ಮೊಣಕಾಲನ್ನು ಎರಡೂ ಅಂಗೈಯಿಂದ ಮುಟ್ಟಿದ. ಅದು ಕಾಳು ಅಳೆಯುವ ಸೇರಿನಷ್ಟು ದಪ್ಪವಾಗಿತ್ತು.

“ಎಷ್ಟ ದಿನಾ ಆತ್ರಿ?”

“ಹತ್ತೊಂಬತ್ತ.”

ಸೋಮಲಿಂಗ ಮೊಣಕಾಲಿನಿಂದ ಕೈ ತೆಗೆದ. “ಗಿರಣಿ ಕಲ್ಲಿನ ಸದ್ದ ಬದಲಾದ್ರ ಮೊದ್ಲ ಹೇಳಾಂವ ನಾನ. ನಿಮ್ಮ ಕಾಲಿಂದು ನನಗ ಹದಿನೈದ ದಿನದಿಂದ ಗೊತ್ತದ. ನೀವ ಹೇಳ್ತೀರಿ ಅಂತ ಕಾದೆ. ಹೇಳಿದ್ರ ಓಟ ತಪ್ಪತದ ಅಂತ ನಾನೂ ಕೇಳಲಿಲ್ಲ. ನಂದೂ ತಪ್ಪ ಅದ.”

ಗುಲಾಬ ರಸ್ತೆಯ ಬದಿಯಲ್ಲಿ ಕೂತು ಅತ್ತ. ಸೋಮಲಿಂಗ ಅವನನ್ನು ಸಮಾಧಾನ ಮಾಡಲಿಲ್ಲ. ಇಬ್ಬರೂ ಆಂಬ್ಯುಲೆನ್ಸಿನಲ್ಲಿ ಹೋದರು.

ಮಿರಜಿನಲ್ಲಿ ಡಾಕ್ಟರು ಮೊಣಕಾಲಿಗೆ ಸಣ್ಣ ತೂತು ಮಾಡಿ, ಅಡ್ಡ ಬರುತ್ತಿದ್ದ ಗಾದಿಯ ಹರುಕನ್ನು ಕತ್ತರಿಸಿ ತೆಗೆದರು. ಉಳಿದ ಗಾದಿ ತೆಳುವಾಗಿದೆ, ಇನ್ನು ಇಡೀ ಓಟದ ಆಸೆ ಬಿಡಿ ಎಂದರು. ಸೋಮಲಿಂಗ ನೋಡಲು ಬರಲಿಲ್ಲ. ಎರಡು ತಿಂಗಳ ಮೇಲೆ ಗುಲಾಬನೇ ಕೋಲೂರಿಕೊಂಡು ಗಿರಣಿಗೆ ಹೋದ. ಕ್ಷಮೆ ಕೇಳಬೇಕೆಂದು ಹೋದವನು ಬೇರೆಯದನ್ನೇ ಹೇಳಿದ. ಕಾಲೇಜಿನಲ್ಲಿ ಆಟ ಕಲಿಸುವ ರವಿಕುಮಾರ ಮಾಸ್ತರರನ್ನು ಕೇಳಿದ್ದೇನೆ, ಅವರು ನಿನ್ನ ಜೊತೆ ಓಡಲು ಒಪ್ಪಿದ್ದಾರೆ ಎಂದ. ಸೋಮಲಿಂಗ ಗಿರಣಿ ಬಂದ್ ಮಾಡಿ, ಕುಂದ್ರಿ ಎಂದು ಚಹಾ ತರಿಸಿದ.

ಮಾಸ್ತರರಿಗೆ ಎಲ್ಲ ಕಲಿಸಿದವನು ಗುಲಾಬನೇ. ಸೈಕಲ್ ಮೇಲೆ ಅವರಿಬ್ಬರ ಪಕ್ಕದಲ್ಲಿ ಹೋಗುತ್ತ, ತಗ್ಗನ್ನು ಎಷ್ಟು ಹೆಜ್ಜೆ ಮೊದಲು ಹೇಳಬೇಕು, ಪಟ್ಟಿಯನ್ನು ಎಷ್ಟು ಬಿಗಿ ಹಿಡಿಯಬೇಕು ಎಂದು ತೋರಿಸಿದ. ಮೊದಲ ವಾರ ಅವರ ತಪ್ಪುಗಳನ್ನೇ ಹುಡುಕುತ್ತಿದ್ದ. ಆಮೇಲೆ ಅದಕ್ಕೆ ಅವನಿಗೇ ನಾಚಿಕೆಯಾಯಿತು. ಅಂಗಡಿಯಲ್ಲಿ ಕತ್ತರಿಸಲು ಎತ್ತರದ ಮೇಜು ಮಾಡಿಸಿದ, ಮಷೀನಿಗೆ ಮೋಟರ್ ಕೂರಿಸಿದ. ನೋವಿರಲಿ ಇಲ್ಲದಿರಲಿ, ಮುಂಜಾನೆ ಗೋಡೆಗೆ ಬೆನ್ನು ಕೊಟ್ಟು ಮಾಡುವ ವ್ಯಾಯಾಮ ಬಿಡಲಿಲ್ಲ.

ಮರುವರ್ಷ ಅರ್ಜಿಯಲ್ಲಿ ಎರಡು ಹೆಸರಿದ್ದವು. ಮೊದಲ ಹದಿನೈದು ಕಿಲೋಮೀಟರ್ ಗುಲಾಬ, ಉಳಿದದ್ದು ಮಾಸ್ತರರು. ಅವರೂ ಮೊದಲಿನಿಂದಲೇ ಹಿಂದೆ ಓಡಿ ಬರುವುದೆಂದು ಮಾತಾಗಿತ್ತು. ಹನ್ನೊಂದನೆಯ ಕಿಲೋಮೀಟರಿಗೆ ಮೊಣಕಾಲಿನಲ್ಲಿ ಚೂರು ಚುಚ್ಚಿತು. ಇನ್ನು ನಾಲ್ಕೇ ಕಿಲೋಮೀಟರ್ ಎಂದು ಮನಸ್ಸು ಎಳೆಯಿತು. ಸುಮಾರು ನೂರು ಹೆಜ್ಜೆ ಅವನು ಸುಮ್ಮನೆ ಓಡಿದ. ಆಮೇಲೆ, “ಸೋಮಲಿಂಗ, ಮೊಣಕಾಲ ಚುಚ್ಚಾಕತ್ತದ. ಬಿಡ್ತೀನಿ,” ಎಂದ.

“ಬಿಡ್ರಿ.”

ಮಾಸ್ತರರು ಮುಂದೆ ಬಂದು ಪಟ್ಟಿ ಹಿಡಿದರು. ಅವರಿಬ್ಬರ ಬೆನ್ನು ತಿರುವಿನಲ್ಲಿ ಮರೆಯಾಗುವವರೆಗೆ ಗುಲಾಬ ನಿಂತೇ ಇದ್ದ. ನಂತರ ಆಟೋ ಹಿಡಿದು ಗೆಲುವಿನ ಗೆರೆಗೆ ಹೋಗಿ, ರಹಿಮಾಳ ಪಕ್ಕದಲ್ಲಿ ಬಿಸಿಲಲ್ಲಿ ಮೂರೂವರೆ ಗಂಟೆ ಕಾದ. ಸೋಮಲಿಂಗ ಐದು ಗಂಟೆ ಎರಡು ನಿಮಿಷಕ್ಕೆ ಮುಗಿಸಿ, ಬಂದವನೇ ವಾಂತಿ ಮಾಡಿಕೊಂಡ. ರಹಿಮಾ ಅವನ ಮುಖ ತೊಳೆಸಿ ಲಿಂಬು ಶರಬತ್ತು ಕುಡಿಸಿದಳು. ಓಡಿದ ಮೂವರಲ್ಲಿ ಯಾರಿಗೂ ಊರಿಗೆ ಮರಳುವ ಬಸ್ಸಿನ ಮೆಟ್ಟಿಲು ಸರಿಯಾಗಿ ಹತ್ತಲಾಗಲಿಲ್ಲ.