ತೆಳ್ಳಗೆ ಬಳಿದ ಗಾಜು

ಮೊನ್ನೆ ಬಚ್ಚಲು ತೊಳೆಯಲು ತಂದ ಫಿನಾಯಿಲಿನ ಮುಚ್ಚಳ ತೆಗೆದೆ. ಆ ಘಾಟಿಗೆ ಲಿಂಗಸುಗೂರಿನ ಕತ್ತಲೆ ಕೋಣೆ ನೆನಪಾಯಿತು, ಅಲ್ಲಿ ಕೂತಿರುತ್ತಿದ್ದ ನಮ್ಮ ಲ್ಯಾಬ್ ಸರ್ ಕೂಡ...

ತೊಂಬತ್ತರ ದಶಕದ ಮಾತು. ಮಸ್ಕಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಅಲ್ಲಿನ ಸಣ್ಣ ಆಸ್ಪತ್ರೆಯಲ್ಲಿ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದೆ. ಕ್ಷಯದವರ ಕಫವನ್ನು ನಾನು ಗಾಜಿಗೆ ಬಳಿದು, ಫಿನಾಯಿಲಿನಂತೆಯೇ ಘಾಟು ಹೊಡೆಯುವ ಹಳದಿ ಬಣ್ಣ ಹಾಕಬೇಕು. ನೀಲಿ ದೀಪದ ಮೈಕ್ರೋಸ್ಕೋಪಿನಲ್ಲಿ ಆ ಬಣ್ಣ ಹಿಡಿದು ಹೊಳೆಯುವ ರೋಗಾಣು ಎಷ್ಟು, ಹೊಳಪು ಎಷ್ಟು ಎಂದು ಅವರು ನೋಡಿ ಬರೆಯಬೇಕು. ಅದಕ್ಕೂ ಮುಂಚೆ ಹತ್ತು ನಿಮಿಷ ಕತ್ತಲಲ್ಲಿ ಸುಮ್ಮನೆ ಕೂಡುವುದು ಅವರ ಕಟ್ಟಳೆ. ಕಣ್ಣು ಕತ್ತಲಿಗೆ ಹದವಾಗದೆ ಹೊಳಪು ಅಳೆಯಬಾರದಂತೆ. ರೋಗದ ಅಂಜಿಕೆಗೆ ಅವರ ಜೊತೆ ಯಾರೂ ಊಟಕ್ಕೆ ಕೂಡುತ್ತಿರಲಿಲ್ಲ. ಮದುವೆಯೂ ಆಗಿರಲಿಲ್ಲ. ಮೈಕ್ರೋಸ್ಕೋಪೇ ಅವರ ಸಂಸಾರ ಎಂದು ನಾವು ಚೇಷ್ಟೆ ಮಾಡುತ್ತಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಎರಡನೆಯ ವರ್ಷ ಅವರು ನನ್ನ ಗಾಜುಗಳನ್ನು ವಾಪಸು ಕೊಡತೊಡಗಿದರು. ದಪ್ಪ ಬಳಿದರೆ ಬೆಳಕು ಒಳಗೇ ಚದುರಿ ಎಲ್ಲ ಮಂಜಾಗುತ್ತದೆ ಎಂದು ಗದರುವರು. ತೆಳ್ಳಗೆ, ಇನ್ನೂ ತೆಳ್ಳಗೆ ಬಳಿದೆ. ಮತ್ತೆ ಅದೇ ದೂರು. ಒಮ್ಮೆ ಅವರು ಚಹಾಕ್ಕೆ ಹೋದಾಗ ನಾನೇ ಇಣುಕಿದೆ. ಕಪ್ಪಿನ ಮೇಲೆ ಹಳದಿ ಚುಕ್ಕೆಗಳು ಸ್ಪಷ್ಟವಾಗಿ ಮಿನುಗುತ್ತಿದ್ದವು. ಸರ್ ಕಣ್ಣಿಗೆ ಪೊರೆ ಬಂದಿದೆ ಎಂದು ಆಗ ತಿಳಿಯಿತು.

ಅವರು ಬಂದು ಕೇಳಿದರು, "ನಿನಗ ಹೆಂಗ ಕಾಣತೈತಿ, ತಂಗಿ?"

"ನನಗೂ ಮಂಜ ಮಂಜ ಕಾಣತೈತ್ರಿ ಸರ್," ಅಂದೆ. ಕೆಲಸ ಹೋದರೆ ಈ ಮನುಷ್ಯ ಎಲ್ಲಿಗೆ ಹೋದಾರು ಎಂಬ ಮರುಕ.

ಮಂಜಿನಲ್ಲಿ ಒಂದು ಚುಕ್ಕೆಯೂ ಕಾಣದೆ ಅವರು ರೋಗವಿಲ್ಲ ಎಂದು ಬರೆದರು. ನಾನು ಮುಂದಿನ ಗಾಜು ಬಳಿಯತೊಡಗಿದೆ. ಆ ಕಫ ಸಂತೆಕಲ್ಲೂರಿನ ಒಬ್ಬ ಹೆಂಗಸಿನದು. ಎರಡು ತಿಂಗಳಿಗೆ ರಕ್ತ ಕಾರುತ್ತ ಮರಳಿ ಬಂದಳು. ಉಳಿದಳು, ಅದು ನಮ್ಮ ಪುಣ್ಯ. ಅವತ್ತು ಖರೇನ ಮಂಜಿತ್ತೇನು ಎಂದು ಸರ್ ಕೇಳಿದಾಗ ಇಲ್ಲವೆಂದು ಒಪ್ಪಿಕೊಂಡೆ.

"ನನ್ನ ಸಲುವಾಗಿ ಮರಗಿದಿ," ಅಂದರು. "ಆಕಿ ಸಲುವಾಗಿ ಮರಗೋರು ಯಾರವ್ವಾ?"

ಡಾಕ್ಟರಿಗೆ ತಾವೇ ಎಲ್ಲ ಹೇಳಿ, ಕುರ್ಚಿ ನನಗೆ ಬಿಟ್ಟು, ಸಂಜೆ ಸಿಂಧನೂರಿನ ಬಸ್ಸು ಹತ್ತಿದರು. ಅಲ್ಲಿ ಪೊರೆ ತೆಗೆಸಿಕೊಂಡರಂತೆ, ಕಣ್ಣು ಚೆನ್ನಾಗಿ ಕಾಣತೊಡಗಿದವಂತೆ. ಕೆಲಸಕ್ಕೆ ಮಾತ್ರ ಮರಳಲಿಲ್ಲ. ಎಲ್ಲಿ ತೀರಿಕೊಂಡರೋ, ನನಗೆ ಸುದ್ದಿ ಬಂದದ್ದೂ ತಡವಾಗಿ...

ಮುಂದೆ ಎಷ್ಟೋ ವರ್ಷ ಆ ಹತ್ತು ನಿಮಿಷದ ಕತ್ತಲಲ್ಲಿ ನಾನೊಬ್ಬಳೇ ಕೂತೆ. ಫಿನಾಯಿಲಿನ ಮುಚ್ಚಳ ಹಾಕಿ ಕೈ ತೊಳೆದೆ. ಘಾಟು ಹೋಗಲಿಲ್ಲ. ಒಂದು ದಿನದ ಆಪರೇಶನ್‌ನಿಂದ ಸರಿಹೋಗುವ ಕಣ್ಣು ಅದು. ನಾನು ಅವತ್ತೇ ಖರೆ ಹೇಳಿದ್ದರೆ ಸಾಕಾಗಿತ್ತು.