ಅಕ್ಕ ಮುಟ್ಟಿ ಮುಟ್ಟಿ ಕೂಡಿಸಿದ ಕಂಪ್ಯೂಟರ್

ಸಿಂಧನೂರಿನ ದೊಡ್ಡ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಮಾರಾಟದ ಕೆಲಸಕ್ಕಿದ್ದವನು ಅಕ್ಕನಿಗೆ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ನನಗೇ ಕೇಳಿದ. ಅಕ್ಕ ನನ್ನ ಪಕ್ಕದಲ್ಲೇ, ಮಡಚಿದ ಬಿಳಿ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು.

"ಇವ್ರಿಗೆ ಯಾವ ಕೆಲಸಕ್ಕ ಬೇಕ್ರಿ ಮೇಡಂ?"

"ಪ್ರಶ್ನೆಪತ್ರಿಕೆ ಮಾಡಾಕ, ಪಾಠದ ಟಿಪ್ಪಣಿ ಬರಿಯಾಕ, ಪುಸ್ತಕ ಓದಾಕ," ಎಂದು ಅಕ್ಕನೇ ಉತ್ತರ ಕೊಟ್ಟಳು.

ಅವನು ಮತ್ತೆ ನನ್ನ ಕಡೆಗೇ ತಿರುಗಿ, "ಪುಸ್ತಕ ಹೆಂಗ ಓದ್ತಾರ್ರಿ ಇವ್ರು?" ಎಂದ. ದನಿಯಲ್ಲಿ ತಾತ್ಸಾರವೇನೂ ಇರಲಿಲ್ಲ. ಕಣ್ಣು ಕಾಣದವರ ಜೊತೆ ಹೇಗೆ ಮಾತಾಡಬೇಕೆಂದು ತಿಳಿಯದ ಮುಜುಗರವಿತ್ತು ಅಷ್ಟೇ. ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ ಇರುತ್ತದೆ, ಅದು ಮಾತಾಡುತ್ತದೆ, ಇವಳು ಕೇಳುತ್ತಾಳೆ ಎಂದು ನಾನು ವಿವರಿಸಿದೆ. ಅವನು ತಲೆದೂಗಿ, ನಾನು ಮೊದಲೇ ನೋಡಿಟ್ಟಿದ್ದ ಡೆಸ್ಕ್‌ಟಾಪ್ ಒಂದನ್ನು ಮೇಜಿನ ಮೇಲೆ ತಂದಿಟ್ಟ. ಅಕ್ಕ ಎದ್ದು ನಿಂತು ಅದರ ಮೈಯನ್ನೆಲ್ಲ ಸವರಿದಳು.

"ಇದರದು ಒಂದು ಬಾಜು ಖುಲ್ಲಾ ಮಾಡ್ತೀರೇನ್ರಿ? ಒಳಗ ಒಮ್ಮಿ ಕೈ ಆಡಿಸಿ ನೋಡ್ತೀನಿ."

"ಸೀಲ್ ಒಡದ್ರ ವಾರಂಟಿ ಹೋಗ್ತೈತ್ರಿ ಮೇಡಂ." ಈ ಒಂದು ಮಾತನ್ನು ಮಾತ್ರ ಅವನು ಅವಳಿಗೇ ಹೇಳಿದ.

"ಹಂಗಾದ್ರ ಬ್ಯಾಡ್ರಿ. ನಡಿ ಬೇ ತಂಗಿ."

ನನಗೆ ಸಿಟ್ಟು ಬಂತು. ನಾನು ಸಿಂಧನೂರಿನಲ್ಲೇ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತೆ. ಮನೆಗೆ ಅದೇ ಅಂಗಡಿಯಿಂದ ಸಿದ್ಧ ಕಂಪ್ಯೂಟರ್ ತಂದಿದ್ದೆ. ಡಬ್ಬಿ ಬಿಚ್ಚಿ, ವೈರು ಚುಚ್ಚಿ, ಗುಂಡಿ ಒತ್ತಿದೆ. ಅರ್ಧ ಗಂಟೆಯೊಳಗೆ ಮಗಳು ಅದರಲ್ಲಿ ಚಿತ್ರ ಬರೆಯುತ್ತಿದ್ದಳು. ಅಷ್ಟು ಸುಲಭದ ದಾರಿಯನ್ನು ಬಿಟ್ಟು ಇವಳಿಗೆ ಡಬ್ಬಿಯ ಒಳಗೆ ಯಾಕೆ ಕೈ ಹಾಕಬೇಕು ಎಂಬುದು ನನಗೆ ತಿಳಿಯಲಿಲ್ಲ.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ನಾವು ಹುಟ್ಟಿ ಬೆಳೆದದ್ದು ಹಟ್ಟಿಯ ಗಣಿ ಕಂಪನಿಯ ಕ್ವಾರ್ಟರ್ಸಿನಲ್ಲಿ. ಅಪ್ಪ ತೀರಿಕೊಂಡ ಮೇಲೆ ಅಕ್ಕನಿಗೆ ಮಸ್ಕಿಯಲ್ಲಿ ಹೈಸ್ಕೂಲಿನ ಸಮಾಜ ವಿಜ್ಞಾನದ ಶಿಕ್ಷಕಿಯ ಕೆಲಸ ಸಿಕ್ಕಿತು; ಅವಳು ಅವ್ವನನ್ನೂ ಅಲ್ಲಿಗೇ ಕರೆಸಿಕೊಂಡಳು. ಮಕ್ಕಳನ್ನು ಗುಡ್ಡದ ಅಶೋಕನ ಶಾಸನದ ಹತ್ತಿರ ಕರೆದೊಯ್ದು ಪಾಠ ಮಾಡುತ್ತಿದ್ದವಳು ಅವಳು. ಮೂವತ್ತೈದು ದಾಟಿದ ಮೇಲೆ ಅವಳ ನೋಟ ಅಂಚಿನಿಂದ ಕಿರಿದಾಗತೊಡಗಿತು. ಮೊದಲು ಬಾಗಿಲ ಚೌಕಟ್ಟಿಗೆ ಭುಜ ಬಡಿಯುತ್ತಿತ್ತು, ಆಮೇಲೆ ಹಲಗೆಯ ಮೇಲಿನ ಸಾಲುಗಳು ಸೊಟ್ಟಗಾದವು. ಕಣ್ಣಿನ ಒಳಪರದೆಯ ಕಾಯಿಲೆ, ಔಷಧವಿಲ್ಲ ಎಂದು ವೈದ್ಯರು ಹೇಳಿದರು. ಎಂಟು ವರ್ಷಗಳಲ್ಲಿ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎನ್ನುವುದೊಂದು ಬಿಟ್ಟು ಬೇರೇನೂ ಉಳಿಯಲಿಲ್ಲ. ಅಕ್ಕ ರಜೆ ಹಾಕಿ, ಮಾತಾಡುವ ಫೋನು, ಮಾತಾಡುವ ಕಂಪ್ಯೂಟರ್ ಬಳಸುವುದನ್ನು ಕಲಿತು, ಮತ್ತೆ ಶಾಲೆಗೆ ಹೋದಳು.

ಅವಳ ಬಳಿ ಒಂದು ಲ್ಯಾಪ್‌ಟಾಪ್ ಇತ್ತು. ಅದರ ಚಾರ್ಜಿಂಗ್ ಪಿನ್ನು ಪದೇ ಪದೇ ಸಡಿಲವಾಗುತ್ತಿತ್ತು. ಮೂರನೆಯ ಸಲ ರಿಪೇರಿಗೆ ಕೊಟ್ಟಾಗ, ರಿಪೇರಿಯವನು ಪಿನ್ನು ಸರಿಮಾಡಿದ್ದಲ್ಲದೆ ಕಂಪ್ಯೂಟರನ್ನು ಶುಚಿಯೂ ಮಾಡಿದ. ತನ್ನಷ್ಟಕ್ಕೆ ತಾನೇ ಮಾತಾಡುತ್ತಿದೆ, ಯಾವುದೋ ವೈರಸ್ ಇರಬೇಕು ಎಂದು ಓದಿ ಹೇಳುವ ತಂತ್ರಾಂಶವನ್ನೇ ಅಳಿಸಿಹಾಕಿದ. ಮನೆಗೆ ತಂದು ಗುಂಡಿ ಒತ್ತಿದರೆ ಮಾತಿಲ್ಲ. ಆ ವಾರ ಪರೀಕ್ಷೆಯ ಪ್ರಶ್ನೆಪತ್ರಿಕೆ ಕೊಡಬೇಕಿತ್ತು. ಅರ್ಧ ಬರೆದದ್ದು ಅದೇ ಯಂತ್ರದೊಳಗೆ ಕುಳಿತಿತ್ತು. ನಾನು ಭಾನುವಾರ ಹೋಗುವವರೆಗೆ ಎರಡು ದಿನ ಅವಳು ಆ ಮೂಕ ಯಂತ್ರದ ಮುಂದೆ ಕೂತಿದ್ದಳಂತೆ. ಅವ್ವ ಇದನ್ನು ಹೇಳುವಾಗ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಕ್ಕ ಅಳಲಿಲ್ಲ. ನಾನು ಆ ತಂತ್ರಾಂಶವನ್ನು ಮತ್ತೆ ಹಾಕಿಕೊಡುವಾಗ, ಡೆಸ್ಕ್‌ಟಾಪ್ ತಗೋಬೇಕು ಎಂದಳು.

ಸಿಂಧನೂರಿನಿಂದ ಮಸ್ಕಿಗೆ ಬಸ್ಸಿನಲ್ಲಿ ಹೋಗುವಾಗ ನಾನು ಮುಖ ಊದಿಸಿಕೊಂಡೇ ಕೂತಿದ್ದೆ. ಕಿಟಕಿಯಾಚೆ ನಾಟಿ ಮಾಡಿದ ಗದ್ದೆಗಳು ನೀರು ತುಂಬಿ ನಿಂತಿದ್ದವು.

"ಅಷ್ಟು ಚಲೋದನ್ನ ಬಿಟ್ಟು ಬಂದಿ. ಒಳಗ ಮುಟ್ಟಿ ಏನ್ ಮಾಡ್ತಿ ಯಕ್ಕಾ?"

"ಕೆಟ್ರ ನಾನ ಬಿಚ್ಚಬೇಕು ಅಂತ ಐತಿ. ಯಾವುದು ಎಲ್ಲಿ ಕುಂತೈತಿ ಅಂತ ನನ್ನ ಬೆರಳಿಗೆ ಗೊತ್ತಿರಬೇಕು. ಸಾಮಾನು ಬಿಡಿಬಿಡಿ ತಂದು ನಾನ ಕೂಡಿಸ್ತೀನಿ."

"ನೀನಾ?"

"ಹೂಂ. ಮಶಿನ್ ಹೊಲಿಗಿ ಬಿಟ್ಟೀನೇನು? ಸೂಜಿಗೆ ದಾರ ಯಾರು ಪೋಣಸ್ತಾರ ನಮ್ಮ ಮನ್ಯಾಗ?"

ಅವಳೇ ಪೋಣಿಸುತ್ತಿದ್ದಳು, ನಿಜ. ಆದರೂ ಹೊಲಿಗೆಯೇ ಬೇರೆ, ಇದೇ ಬೇರೆ ಎಂದು ನಾನು ವಾದಿಸಿದೆ. ಅವಳು ವಾದ ಮುಂದುವರಿಸಲಿಲ್ಲ. ಮಸ್ಕಿಯಲ್ಲಿ ಇಳಿಯುವಾಗ, "ಬರೋ ಶನಿವಾರ ಮಧ್ಯಾಹ್ನ ಲಿಂಗಸುಗೂರಿಗೆ ಹೋಗೋಣು, ಬಾ" ಎಂದಷ್ಟೇ ಹೇಳಿದಳು.

ಲಿಂಗಸುಗೂರಿನಲ್ಲಿ ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ಒಂದು ಸಣ್ಣ ಅಂಗಡಿ. ನಡುವಯಸ್ಸಿನ ಒಬ್ಬರು ಹಳೆಯ ಕಂಪ್ಯೂಟರುಗಳ ರಾಶಿಯ ನಡುವೆ ಕೂತು, ಕೇಳಿದವರಿಗೆ ಕೇಳಿದಂತೆ ಹೊಸದನ್ನು ಜೋಡಿಸಿ ಕೊಡುತ್ತಿದ್ದರು. ಅಕ್ಕನ ಶಾಲೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವರೂ ಅವರೇ.

"ನಾ ಕೂಡಿಸಿ ಕೊಡ್ತೀನಲ್ರೀ ಟೀಚರಮ್ಮ, ನೀವ್ಯಾಕ ತಕ್ಲೀಪು ತಗೋತೀರಿ?" ಎಂದರು.

"ನೀವು ಕೂಡಿಸಿದ್ರ ನೀವ ಬಿಚ್ಚಬೇಕಾಗ್ತೈತ್ರಿ."

ಅವರು ರಾಶಿಯೊಳಗಿಂದ, ಕಂಪ್ಯೂಟರಿನ ಭಾಗಗಳೆಲ್ಲ ಬಂದು ಕೂರುವ ಹಲಗೆಯನ್ನು, ಕೆಟ್ಟುಹೋದ ಒಂದು ಮದರ್‌ಬೋರ್ಡನ್ನು ಎಳೆದು, ಬ್ರಷ್ಷಿನಿಂದ ಧೂಳು ಕೊಡವಿ, ಅಕ್ಕನ ಕೈಗೆ ಕೊಟ್ಟರು. "ಹೊಸದೂ ಹೆಚ್ಚುಕಮ್ಮಿ ಹಿಂಗ ಇರ್ತೈತ್ರಿ. ಇದನ್ನ ಮನಿಗೆ ಒಯ್ರಿ. ಹದಿನೈದ ದಿನ ಇಟ್ಕೊಂಡು ಬೆರಳು ಪಳಗಿಸ್ರಿ. ಆಮ್ಯಾಲ ಬರ್ರಿ, ಸಾಮಾನು ಕೊಡ್ತೀನಿ." ಜೊತೆಗೆ ಕೆಟ್ಟ ಮೆಮೊರಿ ಪಟ್ಟಿಯೊಂದನ್ನೂ ನಾಲ್ಕೈದು ವೈರುಗಳನ್ನೂ ಚೀಲಕ್ಕೆ ಹಾಕಿದರು.

ಆ ಹದಿನೈದು ದಿನ ಮಸ್ಕಿಯ ಮನೆಯಲ್ಲಿ ಏನು ನಡೆಯಿತು ಎಂಬುದು ನನಗೆ ಫೋನಿನಲ್ಲೇ ಗೊತ್ತಾಗುತ್ತಿತ್ತು. ಶಾಲೆಯಿಂದ ಬಂದವಳೇ ಬೋರ್ಡನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಾಳೆ, ಅವರೆಕಾಯಿ ಸುಲಿಯುವಾಗಲೂ ನಡುನಡುವೆ ಮುಟ್ಟಿ ನೋಡುತ್ತಾಳೆ ಎಂದು ಅವ್ವ ಹೇಳುತ್ತಿದ್ದಳು. ಅಕ್ಕ ಒಂದೊಂದಕ್ಕೂ ತನ್ನದೇ ಹೆಸರು ಇಟ್ಟಿದ್ದಳು. ಮೆಮೊರಿ ಕೂರುವ ಉದ್ದನೆಯ ಸಂದು ಬಾಚಣಿಗೆ, ದಪ್ಪ ವೈರು ಕೂರುವ ಜಾಗ ಜೇನುಗೂಡು. ಗುಂಡಿಯ ವೈರನ್ನು ಸಿಕ್ಕಿಸುವ ಕಡೆ ಸೂಜಿಮೊನೆಯಂಥ ಪಿನ್ನುಗಳ ಎರಡು ಸಾಲುಗಳಿದ್ದವು. ಅವನ್ನು ಬೆರಳಿನಿಂದ ಎಣಿಸಲಾಗದೆ, ತಲೆಪಿನ್ನಿನ ತುದಿಯಿಂದ ಎಣಿಸುವುದನ್ನು ರೂಢಿಸಿಕೊಂಡಳು. ಒಂದು ಸಂಜೆ ಫೋನಿನಲ್ಲಿ ಅವಳ ದನಿ ಬಹಳ ಗೆಲುವಾಗಿತ್ತು. "ಇವತ್ತ ಮೆಮೊರಿ ಪಟ್ಟಿ ಹತ್ತು ಸಲ ಹಾಕಿ ತಗದೆ ಬೇ. ಹತ್ತಕ್ಕ ಹತ್ತೂ ಸಲ ಬರೋಬ್ಬರಿ ಕುಂತೈತಿ." ಕೇಳುತ್ತ ಕೇಳುತ್ತ ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಆದರೆ ಭರವಸೆಯೂ ಬಂದಿರಲಿಲ್ಲ.

ಸಾಮಾನು ಕೊಳ್ಳಲು ಹೋದ ದಿನ ಒಂದು ವಿಷಯದಲ್ಲಿ ಅಂಗಡಿಯವರು ಬಿಗಿಯಾಗಿ ನಿಂತರು. ಪ್ರೊಸೆಸರಿನ ಕೆಳಗೆ ಕೂದಲೆಳೆಯಂಥ ನೂರಾರು ಕಾಲುಗಳಿರುತ್ತವೆ, ಬೆರಳು ತಾಕಿ ಒಂದು ಬಾಗಿದರೂ ಕೆಟ್ಟಿತು ಎಂದರು. ಅಕ್ಕ ಹಟ ಹಿಡಿಯಲಿಲ್ಲ. "ಅದೊಂದು ನೀವ ಕೂಡಿಸ್ರಿ. ಆದ್ರ ಮ್ಯಾಲಿನ ಹಿಡಿಕಿ ಒತ್ತೂವಾಗ ನನ್ನ ಕೈ ಇಟ್ಕೋರಿ." ಅವರು ಹಾಗೆಯೇ ಮಾಡಿದರು. ಅವರ ಬೆರಳಿನ ಮೇಲೆ ಅವಳ ಬೆರಳು, ಇಬ್ಬರೂ ಸೇರಿ ಹಿಡಿಕೆ ಒತ್ತಿದರು. ಅದರ ಮೇಲೆ ಫ್ಯಾನನ್ನೂ ಕೂರಿಸಿ ಕೊಟ್ಟರು. ಹೊರಡುವಾಗ ಅಕ್ಕ ಕೇಳಿ ಪಡೆದದ್ದು ಗುಂಡಿಯಷ್ಟು ಚಿಕ್ಕ ಸ್ಪೀಕರ್. ಕಂಪ್ಯೂಟರ್ ಒಳಗೆ ತೊಂದರೆಯಾದರೆ ಅದು ಕೂಗಿ ಹೇಳುತ್ತದಂತೆ. ಈಗ ಯಾರೂ ಹಾಕಿಸುವುದಿಲ್ಲವಂತೆ. ಮಾನಿಟರ್ ಬೇಡವೆಂದಳು. ನಾನು ಒತ್ತಾಯಿಸಿ ಒಂದನ್ನು ತೆಗೆಸಿದೆ.

ಭಾನುವಾರ ಬೆಳಿಗ್ಗೆ ಮಸ್ಕಿಯ ಮನೆಯ ಪಡಸಾಲೆಯಲ್ಲಿ ಮೇಜಿನ ಮೇಲೆ ಹಾಸಿದ ಚಾದರ, ಸ್ಕ್ರೂಗಳು ಉರುಳಿಹೋಗದಂತೆ ಅವ್ವ ಹಿಟ್ಟು ಕಲಸುವ ಪರಾತ. ಅವ್ವನಿಗೆ ಕರೆಂಟಿನ ಭಯ. "ಮೇನ್ ಬಂದ್ ಮಾಡ್ಲೇನವ್ವಾ?" ಎಂದು ಮೂರು ಸಲ ಕೇಳಿದಳು. ಇನ್ನೂ ವೈರನ್ನೇ ಚುಚ್ಚಿಲ್ಲ ಎಂದರೂ ಕೇಳದೆ ಬಂದ್ ಮಾಡಿಯೇ ಬಂದಳು. ಫ್ಯಾನಿಲ್ಲದೆ ಮೂವರೂ ಬೆವೆತೆವು.

ಅಕ್ಕ ಕೆಲಸ ಶುರುಮಾಡಿದ ಮೇಲೆ ನನಗೆ ಮಾಡಲು ಏನೂ ಇರಲಿಲ್ಲ. ಎಡಗೈ ಬೆರಳು ಜಾಗ ಹುಡುಕಿ ಅಲ್ಲೇ ನಿಲ್ಲುತ್ತಿತ್ತು. ಬಲಗೈ ಸ್ಕ್ರೂ ಡ್ರೈವರ್ ಹಿಡಿದು ಆ ಬೆರಳಿನ ಪಕ್ಕಕ್ಕೇ ಬಂದು ಇಳಿಯುತ್ತಿತ್ತು. ಒಂದು ಸ್ಕ್ರೂ ಬಿದ್ದಾಗ ನಾನು ಬಗ್ಗುವ ಮೊದಲೇ, ಬಿದ್ದ ಸಪ್ಪಳದ ಕಡೆ ಕೈ ಚಾಚಿ ಎತ್ತಿಕೊಂಡಳು. ಡಬ್ಬಿಯ ಮುಂಭಾಗದ ಸಣ್ಣ ದೀಪಗಳ ವೈರನ್ನು ನಾನು ತೋರಿಸಿಕೊಟ್ಟಾಗ, "ದೀಪ ಹತ್ತಿದ್ರೇನು, ಬಿಟ್ರೇನು, ನನಗ? ಅದನ್ನ ನೀ ಹಾಕು, ನಿನಗ ಛಂದ ಕಾಣಲಿ" ಎಂದು ನಕ್ಕಳು. ಹನ್ನೆರಡರ ಹೊತ್ತಿಗೆ ಎಲ್ಲ ಮುಗಿಯಿತು. ಅವ್ವ ಮೇನ್ ಹಾಕಿದಳು. ಅಕ್ಕ ಗುಂಡಿ ಒತ್ತಿದಳು.

ಡಬ್ಬಿಯೊಳಗಿನ ಫ್ಯಾನು ತಿರುಗಿತು. ನಾನು ಪರದೆ ನೋಡಿದೆ. ಕಪ್ಪು. ಒಂದು ನಿಮಿಷ ಕಾದೆವು. ಬಂದ್ ಮಾಡಿ ಮತ್ತೆ ಹಾಕಿದಳು. ಮತ್ತೆ ಕಪ್ಪು.

"ಏನೂ ಬರವಲ್ದು ಯಕ್ಕಾ."

ಅವಳು ಮೂರನೆಯ ಸಲ ಗುಂಡಿ ಒತ್ತುವಾಗ ನನ್ನ ಬಾಯಿಂದ ಆ ಮಾತು ಜಾರಿತು. "ಅವತ್ತ ರೆಡಿ ಇದ್ದದ್ದನ್ನ ತಗೋ ಅಂದೆ. ಕೇಳಲಿಲ್ಲ ನೀ. ಕಣ್ಣಿದ್ದವರಿಗೇ ಆಗಂಗಿಲ್ಲ ಇದು, ಇನ್ನ ನೀ..."

ಅಲ್ಲಿಗೇ ನಿಲ್ಲಿಸಿದೆ. ಅವ್ವ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಅಕ್ಕನ ಮುಖ ಮಾತ್ರ ನನ್ನ ಕಡೆ ತಿರುಗಲೇ ಇಲ್ಲ. ಕುತ್ತಿಗೆ ಓರೆ ಮಾಡಿ ಡಬ್ಬಿಯ ಕಡೆಗೇ ಕಿವಿ ಇಟ್ಟಿದ್ದಳು.

"ಸುಮ್ಮನ ಕುಂದ್ರು ತಂಗಿ. ಅದೇನೋ ಅನ್ನಾಕತ್ತೈತಿ."

ಆಗ ನನಗೂ ಕೇಳಿಸಿತು. ಫ್ಯಾನಿನ ಸದ್ದಿನಡಿ ಸಣ್ಣಗೆ, ಉದ್ದನೆಯ ಒಂದು ಪೀಂ. ನಿಂತು ಮತ್ತೊಂದು. ನಾನು ಪರದೆಯನ್ನೇ ನೋಡುತ್ತಿದ್ದೆ, ಅದನ್ನು ಕೇಳಿಯೇ ಇರಲಿಲ್ಲ. ಅಕ್ಕ ಲಿಂಗಸುಗೂರಿನವರಿಗೆ ಫೋನು ಮಾಡಿ, ಫೋನನ್ನೇ ಡಬ್ಬಿಯ ಹತ್ತಿರ ಹಿಡಿದಳು.

"ಮೆಮೊರಿ ಪೂರಾ ಕುಂತಿಲ್ರೀ ಟೀಚರಮ್ಮ," ಎಂದರು ಅವರು. "ಅಂಜಬ್ಯಾಡ್ರಿ, ಇನ್ನಷ್ಟು ಜೋರಲೆ ಒತ್ರಿ."

ವೈರು ಕಿತ್ತು, ಅಕ್ಕ ಮೆಮೊರಿ ಪಟ್ಟಿಯನ್ನು ತೆಗೆದು ಮತ್ತೆ ಕೂರಿಸಿದಳು. ಎರಡೂ ಹೆಬ್ಬೆರಳಿಟ್ಟು ಮೈಭಾರ ಹಾಕಿ ಒತ್ತಿದಳು. ಒಂದು ತುದಿ ಕಟ್ ಎಂದಿತು, ಆಮೇಲೆ ಇನ್ನೊಂದು. ಹಳೆಯ ಬೋರ್ಡಿನ ಸಂದು ಸವೆದು ಸಡಿಲವಾಗಿತ್ತು, ಹೊಸದು ಬಿಗಿ; ಅಷ್ಟೇ ವ್ಯತ್ಯಾಸ. ಈ ಸಲ ಗುಂಡಿ ಒತ್ತಿದಾಗ ಚಿಕ್ಕದೊಂದು ಪಿಕ್ ಕೇಳಿಸಿ ಪರದೆ ಬೆಳಗಿತು. "ಬಂತು" ಎಂದೆ.

ಮೊದಲ ಪರದೆಗಳಿಗೆ ಮಾತು ಬರುವುದಿಲ್ಲ. ಅವನ್ನು ನಾನು ಓದಿದೆ, ಅವಳು ಯಾವ ಕೀಲಿ ಒತ್ತಬೇಕೆಂದು ನಿರ್ಧರಿಸಿದಳು. ವಿಂಡೋಸ್ ಹಾಕುವ ಹಂತ ಬಂದಾಗ ಅವಳು ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ ಕಾದಳು. ಯಂತ್ರ ಮಾತಾಡತೊಡಗಿತು, ಗಡಸು ಇಂಗ್ಲಿಷಿನಲ್ಲಿ. ಅಕ್ಕ ಕೈ ಎತ್ತಿ ನನ್ನ ಓದನ್ನು ನಿಲ್ಲಿಸಿದಳು. ಅಲ್ಲಿಂದ ಮುಂದೆ ಅವಳಿಗೆ ನಾನು ಬೇಕಾಗಲಿಲ್ಲ. ಅವ್ವ ಮಾತ್ರ, "ಇದಕ್ಕ ಕನ್ನಡ ಬರಂಗಿಲ್ಲೇನು?" ಎಂದಳು. ಸಂಜೆಯೊಳಗೆ ಕನ್ನಡವೂ ಬಂತು.

ಚಹಾ ಕುಡಿಯುವಾಗ ನಾನು ಕ್ಷಮೆ ಕೇಳಿದೆ.

"ನೀ ಅಂದದ್ದು ನನಗ ಹೊಸದಲ್ಲ ಬೇ," ಎಂದಳು. "ಬೋರ್ಡ್ ಮಡಲಾಗ ಇಟ್ಕೊಂಡು ಕುಂತಾಗೆಲ್ಲ ನಾನ ನನಗ ಅದನ್ನ ಅಂದ್ಕೊಂತಿದ್ದೆ. ಜೋರಲೆ ಅಂದಾಕಿ ನೀ ಒಬ್ಬಾಕಿ."

ಅದನ್ನು ಅವಳು ನನ್ನನ್ನು ಸಮಾಧಾನ ಮಾಡಲು ಹೇಳಿದಳೋ, ನಿಜವಾಗಿಯೇ ಹೇಳಿದಳೋ ನನಗೆ ಗೊತ್ತಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಕರೆಂಟು ಏರಿಳಿದು ಅವಳ ಕಂಪ್ಯೂಟರಿನ ಪವರ್ ಸಪ್ಲೈ ಸುಟ್ಟಿತು. ಬಸ್ಸಿನಲ್ಲಿ ಲಿಂಗಸುಗೂರಿಗೆ ಒಬ್ಬಳೇ ಹೋಗಿ ಹೊಸದನ್ನು ತಂದು, ಹಾಕಿ, ಎರಡು ದಿನದ ಮೇಲೆ ಬೇರೇನೋ ಮಾತಿನ ನಡುವೆ ನನಗೆ ಹೇಳಿದಳು. ಅದೇ ಬೇಸಿಗೆಯಲ್ಲಿ ನನ್ನ ಸಿದ್ಧ ಕಂಪ್ಯೂಟರೂ ಕೆಟ್ಟಿತು. ಕಂಪನಿಯವರು ಮನೆಗೇ ಬಂದು ಸರಿಮಾಡಿ ಹೋದರು. ನನಗೆ ಯಾವ ತೊಂದರೆಯೂ ಆಗಲಿಲ್ಲ. ಅದರೊಳಗೆ ಏನು ಕೆಟ್ಟಿತ್ತು ಎಂದು ನಾನು ಕೇಳಲೂ ಇಲ್ಲ.

ಈಚೆಗೆ ನಾನು ಮಸ್ಕಿಗೆ ಹೋಗಿದ್ದಾಗ ಗೊರೇಬಾಳದಿಂದ ಒಬ್ಬರು ಅಕ್ಕನಿಗೆ ಫೋನು ಮಾಡಿದ್ದರು. ಕಣ್ಣು ಹೋಗಿ ಒಂದು ವರ್ಷವಾಗಿತ್ತಂತೆ. ಅಕ್ಕನ ವಿಷಯ ಯಾರೋ ಹೇಳಿದ್ದರಂತೆ. ತಾವೂ ಹಾಗೆಯೇ ಜೋಡಿಸಿಕೊಳ್ಳಬೇಕೇ ಎಂದು ಕೇಳುತ್ತಿದ್ದರು. ಅಕ್ಕ ಬಹಳ ಹೊತ್ತು ಅವರ ಮಾತು ಕೇಳಿದಳು.

"ನಿಮಗ ಈಗ ಜಲ್ದಿ ಕೆಲಸಕ್ಕ ಹತ್ತೋದು ಮುಖ್ಯ ಐತ್ರಿ," ಎಂದಳು ಕೊನೆಗೆ. "ರೆಡಿ ಇದ್ದದ್ದನ್ನ ತಗೋರಿ. ಮಾತಾಡೋದನ್ನ ಹೆಂಗ ಚಾಲೂ ಮಾಡೋದು ಅಂತ ನಾ ಫೋನಿನ್ಯಾಗ ಹೇಳ್ತೀನಿ."

ಫೋನಿಟ್ಟ ಮೇಲೆ ನಾನು ಆಶ್ಚರ್ಯದಿಂದ, "ನೀನ ಹಿಂಗ ಅಂತೀಯಲ್ಲ ಯಕ್ಕಾ?" ಎಂದೆ.

"ಅವ್ರಿಗೆ ಬಿಚ್ಚೋದು ಬ್ಯಾಡಾಗೈತಿ, ಬೇ. ಮಗಳಿಗೆ ಪತ್ರ ಬರಿಬೇಕಂತ. ಮೊದಲ ಅದು ಆಗಲಿ," ಎಂದು ಅಕ್ಕ ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡು, ಒಂಬತ್ತನೇ ತರಗತಿಯ ಪ್ರಶ್ನೆಪತ್ರಿಕೆಯನ್ನು ತೆರೆದಳು.